ಮೊಬೈಲ್ ಕಸಿಯದ ಮಾಸ್ತರರು

ಕಳೆದ ತಿಂಗಳು ಅಥಣಿಯ ನಮ್ಮ ಕಾಲೇಜಿನಲ್ಲಿ ಎರಡನೇ ತಾಸಿನ ಪಾಠ ಮಾಡಿ ಮುಗಿಸಿ ಹೊರಗೆ ಬಂದಾಗ ಬೇಡಕಿಹಾಳದಿಂದ ಫೋನು ಬಂತು. ಆ ಕಡೆ ಇದ್ದವರು ಚಿಕ್ಕೋಡಿಯಲ್ಲಿ ನನಗೆ ಸಮಾಜಶಾಸ್ತ್ರ ಕಲಿಸಿದ ಸರ್ ಅವರ ಅಣ್ಣ. "ನಿಮ್ಮ ಮಾಸ್ತರ ಹೋದಪಾ. ಮುಂಜಾನೆ ಚಹಾ ಕುಡದು ಕುಂತಿದ್ದ, ಕುಂತಲ್ಲೇ ಹೋದ," ಎಂದರು. "ನಿನಗ ಹೇಳಬೇಕ ಅನಸ್ತು," ಎಂದು ಇಟ್ಟುಬಿಟ್ಟರು.

ಬೇಡಕಿಹಾಳದ ಬಸ್ಸಿನಲ್ಲಿ ಕೂತು ಸರ್ ಅವರನ್ನು ನೆನೆಸಿಕೊಳ್ಳಲು ನೋಡಿದೆ. ಕಪ್ಪುಹಲಗೆಯ ಮುಂದೆ ನಿಂತ ಅವರ ಚಿತ್ರ ಬರಲೇ ಇಲ್ಲ. ಬಂದದ್ದು ಬೆಂಚಿನ ತುದಿಯಲ್ಲಿ, ಹುಡುಗರ ಪಕ್ಕದ ಅರ್ಧ ಜಾಗದಲ್ಲಿ ಒತ್ತಿಕೊಂಡು ಕೂತ ಚಿತ್ರ.

ಪಾಠದ ನಡುವೆ ಯಾರಾದರೂ ಮೊಬೈಲ್ ನೋಡುವುದು ಕಂಡರೆ ಉಳಿದ ಮಾಸ್ತರರು ಕಸಿದುಕೊಂಡು ಪ್ರಾಚಾರ್ಯರ ಕೋಣೆಗೆ ಕಳಿಸುತ್ತಿದ್ದರು. ಇವರು ಹಾಗಲ್ಲ. ಸುಣ್ಣದ ಕಡ್ಡಿ ಇಟ್ಟು, ಮೆಟ್ಟಿಲಿಳಿದು ಬಂದು, "ಸ್ವಲ್ಪ ಸರೀಪಾ ಅತ್ಲಾಗ," ಎಂದು ಆ ಹುಡುಗನ ಪಕ್ಕದಲ್ಲೇ ಕೂಡುತ್ತಿದ್ದರು. ಅವರ ಹತ್ತಿರ ಎರಡು ಕನ್ನಡಕ ಇರುತ್ತಿದ್ದವು, ಕಣ್ಣ ಮೇಲೆ ಇರುತ್ತಿದ್ದುದು ಯಾವಾಗಲೂ ಬೇಡದ್ದು. ಅದನ್ನು ಬದಲಿಸಿ, "ಏನ ನೋಡಾಕತ್ತೀ? ನನಗೂ ಒಂದೀಟು ತೋರಸು," ಎನ್ನುತ್ತಿದ್ದರು.

ಮೊದಲ ಸಲ ಇಡೀ ವರ್ಗ ನಕ್ಕಿತು. ಇದು ಚುಚ್ಚುಮಾತು ಎಂದೇ ಎಲ್ಲರೂ ತಿಳಿದೆವು. ಆದರೆ ಅವರು ನಿಜವಾಗಿಯೂ ನೋಡುತ್ತಿದ್ದರು. "ಈ ಕುಣಿಯಾಂವ ಯಾವೂರಾಂವ? ದಿನಾ ಕುಣೀತಾನೇನು? ಇದನ್ನ ನೋಡಿದರ ನಿನಗ ಏನ ಅನಸತೈತಿ?" ಎಂದು ಕೇಳುತ್ತಿದ್ದರು. ಬೈದರೆ ತಿರುಗಿ ಹೇಳಲು ನಮ್ಮ ಹತ್ತಿರ ನೂರು ಮಾತು ಇದ್ದವು. ಹೀಗೆ ಕೇಳಿದರೆ ನಾವು ಥಟ್ಟನೆ ಮೊಬೈಲನ್ನು ಎದೆಗೆ ಆನಿಸಿಕೊಳ್ಳುತ್ತಿದ್ದೆವು.

ನನ್ನ ಪಾಳಿ ಬಂದದ್ದು ಎರಡನೇ ವರ್ಷದಲ್ಲಿ. ನಾನು ಕೊನೆಯ ಬೆಂಚಿನಲ್ಲಿ ಟ್ರ್ಯಾಕ್ಟರ್ ಜಗ್ಗಾಟದ ಒಂದು ವಿಡಿಯೋ ನೋಡುತ್ತಿದ್ದೆ, ಮರಾಠಿಯಲ್ಲಿ ಒಬ್ಬ ಅಬ್ಬರಿಸುತ್ತಿದ್ದ. ಸರ್ ಬಂದು ಕೂತರು. ಪೂರ್ತಿ ನೋಡಿದರು. "ಮರಾಠಿ ಬರೋಬ್ಬರಿ ತಿಳೀತೈತಿ ನಿನಗ?" ಎಂದು ಕೇಳಿದರು. "ಹೌದ್ರಿ ಸರ್," ಎಂದೆ. ಎದ್ದುಹೋದರು. ಏನೋ ಬರೆದಿಟ್ಟುಕೊಂಡವರ ಹಾಗೆ ಇತ್ತು ಆ ಮುಖ.

ಆ ವರ್ಷ ಒಳಪರೀಕ್ಷೆಯಲ್ಲಿ ಅರ್ಧಕ್ಕರ್ಧ ಹುಡುಗರು ಬಿದ್ದರು. ಮಾಸ್ತರರ ಸಭೆಯಲ್ಲಿ ಪ್ರಾಚಾರ್ಯರು, ಇನ್ನು ಮೇಲೆ ಗೇಟಿನಲ್ಲಿ ಬುಟ್ಟಿ ಇಟ್ಟು ಎಲ್ಲರ ಮೊಬೈಲ್ ಹಾಕಿಸಿಕೊಳ್ಳೋಣ ಎಂದರಂತೆ. ನಮ್ಮ ಸರ್ ಮಾತ್ರ, "ಹುಡುಗರು ಯಾಕ ಹಿಂಗ ಅದಕ್ಕ ಅಂಟಿಕೊಂಡಾರ ಅನ್ನೂದನ್ನ ಮೊದಲ ತಿಳಕೊಳ್ಳೂನ್ರಿ," ಎಂದರು. "ತಿಳಕೊಳ್ಳೂದೇನ ಐತ್ರಿ? ನೆಟ್ ಸೋವಿ ಆಗೇತಿ, ಅಷ್ಟ," ಎಂದರು ಪ್ರಾಚಾರ್ಯರು. "ಉಪ್ಪೂ ಸೋವಿ ಐತ್ರಿ. ಯಾರೂ ಮುಕ್ಕೊಂಡ ಕುಂತಿಲ್ಲಲ್ಲ," ಎಂದರು ಸರ್. ಈ ಮಾತು ಸಂಜೆಯೊಳಗೆ ವಿದ್ಯಾರ್ಥಿನಿಲಯದವರೆಗೂ ಬಂತು. ಕಾರಣ ಹುಡುಕಲು ಮೂರು ತಿಂಗಳ ಅವಕಾಶ ಅವರಿಗೆ ಸಿಕ್ಕಿತು.

ಎರಡು ಪುಟದ ಪ್ರಶ್ನೆಪತ್ರಿಕೆ ಎಲ್ಲರ ಕೈಗೆ ಬಂತು. ಹೆಸರು ಬರೆಯಬೇಕಿರಲಿಲ್ಲ. ದಿನಕ್ಕೆ ಎಷ್ಟು ತಾಸು ನೋಡುತ್ತೀ, ಏನೇನು ನೋಡುತ್ತೀ, ನಿದ್ದೆ ಎಷ್ಟು ಎಂದೆಲ್ಲ ಇತ್ತು. ಕೊನೆಯ ಪ್ರಶ್ನೆಯನ್ನು ಮಾತ್ರ ಸರ್ ಪ್ರತಿ ಹಾಳೆಯ ಮೇಲೂ ತಾವೇ ಪೆನ್ನಿನಿಂದ ಬರೆದಿದ್ದರು: "ಈಗ ಕೈಯಲ್ಲಿ ಫೋನ್ ಇರದಿದ್ದರೆ ನೀನು ಎಲ್ಲಿರುತ್ತಿದ್ದೆ? ಯಾರ ಜೊತೆ?" ಉಳಿದ ಪ್ರಶ್ನೆಗಳ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ. "ಎಷ್ಟೊತ್ತು ಅನ್ನೂದನ್ನ ಗಡಿಯಾರ ಹೇಳತೈತಿ. ಯಾಕ ಅನ್ನೂದನ್ನ ಮನಶಾನ ಹೇಳಬೇಕು," ಎನ್ನುತ್ತಿದ್ದರು.

ನಾನು ಉತ್ತರವನ್ನು ಮರಾಠಿಯಲ್ಲಿ ಬರೆದೆ. ಹೆಸರಿಲ್ಲದಿದ್ದರೂ ಅದು ಯಾರದೆಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಮರುದಿನ ಕರೆಸಿದರು. ಬೈಗುಳಕ್ಕೆ ಸಿದ್ಧನಾಗಿಯೇ ಹೋದೆ. ಅವರು ಹಾಳೆಯನ್ನು ಮೇಜಿನ ಮೇಲೆ ಇಟ್ಟು, ಮರಾಠಿಯಲ್ಲೇ ಮಾತಾಡಿದರು. "ಎಲ್ಲಿರುತ್ತಿದ್ದೆ ಅಂದರೆ ವರ್ಗದಲ್ಲಿ ಎಂದು ಬರೆದಿದ್ದೀಯಾ. ಯಾರ ಜೊತೆ ಅಂದರೆ, ಒಬ್ಬನೇ ಎಂದು. ವರ್ಗದಲ್ಲಿ ಅರವತ್ತು ಮಂದಿ ಇದ್ದಾರಲ್ಲ, ನೀನು ಒಬ್ಬನೇ ಹೇಗೆ?"

ಯಾರಿಗೂ ಹೇಳದ್ದನ್ನು ಅಂದು ಹೇಳಿದೆ. ನನ್ನದು ನಿಪ್ಪಾಣಿ ಹತ್ತಿರದ ಹಳ್ಳಿ. ಮನೆಯಲ್ಲಿ ಎರಡು ಎಮ್ಮೆ, ಸ್ವಲ್ಪ ಹೊಲ. ಬಾಯಲ್ಲಿ ಕನ್ನಡ, ಪಾಟಿಯ ಮೇಲೆ ಮರಾಠಿ. ಹನ್ನೆರಡನೇ ಇಯತ್ತೆಯವರೆಗೆ ಹಾಗೇ ಕಲಿತು, ಬಿ.ಎ.ಗೆ ಚಿಕ್ಕೋಡಿಗೆ ಬಂದವನು. ಮೊದಲ ವರ್ಷ ಒಬ್ಬ ಮಾಸ್ತರರು ಎದ್ದು ಕನ್ನಡ ಪಾಠ ಓದು ಎಂದರು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹಿಂದಿನಿಂದ ಯಾರೋ "ಬಾಲವಾಡಿ" ಎಂದರು. ವರ್ಗವೆಲ್ಲ ನಕ್ಕಿತು, ಆ ಹೆಸರು ನನಗೆ ಅಂಟಿತು. ಆಮೇಲೆ ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ. ಮೊಬೈಲಿನಲ್ಲಿ ಎಲ್ಲವೂ ಮರಾಠಿಯಲ್ಲಿ ಇತ್ತು, ಅಲ್ಲಿ ನನ್ನನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ಅದರಲ್ಲೇ ಇದ್ದೆ. ಎರಡು ವಿಷಯ ಬಿದ್ದಿದ್ದವು. ಮನೆಯಲ್ಲಿ ಹೇಳಿರಲಿಲ್ಲ.

ಸರ್ ಕೇಳಿಸಿಕೊಂಡರು. ಅಯ್ಯೋ ಪಾಪ ಎನ್ನಲಿಲ್ಲ. "ಅಂದ್ರ ನಿನಗ ಹತ್ತಿದ ರೋಗ ಮೊಬೈಲ್ ಅಲ್ಲಲೇ, ಕಾಗುಣಿತ!" ಎಂದು ಗಟ್ಟಿಯಾಗಿ ನಕ್ಕರು. ನನಗೂ ನಗು ಬಂತು. ನಗು ನಿಂತ ಮೇಲೆ ಅಂದರು: "ಆದರ ಈಗ ಮೊಬೈಲೂ ರೋಗ ಆಗೇತಿ, ಸುಳ್ಳ ಹೇಳಬ್ಯಾಡ ನಿನಗ ನೀನ. ನಾಳಿಂದ ಮಧ್ಯಾಹ್ನ ಇಲ್ಲಿ ಬಾ. ಹುಡುಗರ ಉತ್ತರ ನನಗ ಓದಿ ಹೇಳು. ತಪ್ಪಿದರ ನಾನೊಬ್ಬನ ನಗತೇನಿ. ಅಷ್ಟು ತಡಕೋ."

ಅವರು ನಿಜವಾಗಿಯೂ ನಗುತ್ತಿದ್ದರು. ಒತ್ತಕ್ಷರ ತಪ್ಪಿದರೆ ಮೇಜು ಬಡಿದು ನಗುತ್ತಿದ್ದರು. ಅಷ್ಟೇ, ಮುಂದಿನ ಸಾಲಿಗೆ ಹೋಗು ಎನ್ನುತ್ತಿದ್ದರು. ನೂರಾರು ಕೈಬರಹದ ಕನ್ನಡವನ್ನು ಹೀಗೆ ಓದಿದೆ. ಓದುತ್ತ ಓದುತ್ತ ನಾಚಿಕೆ ಹೋಯಿತು, ಅದರ ಜಾಗದಲ್ಲಿ ಕುತೂಹಲ ಬಂತು. ನನ್ನಂತೆಯೇ ಎಲ್ಲರೂ ಇದಕ್ಕೆ ಬಿದ್ದಿದ್ದಾರೆ, ಆದರೆ ನನ್ನ ಕಾರಣಕ್ಕೆ ಯಾರೂ ಬಿದ್ದಿಲ್ಲ!

ರಾಯಬಾಗ ಕಡೆಯ ಒಬ್ಬ ಹುಡುಗಿ ಕೊನೆಯ ಪ್ರಶ್ನೆಗೆ ಉತ್ತರ ಬರೆಯದೆ ಗೀಟು ಎಳೆದಿದ್ದಳು. ಸರ್ ಅದನ್ನು ವರ್ಗದಲ್ಲಿ ತೋರಿಸಿದಾಗ ಅವಳೇ ಎದ್ದು ಅದು ತನ್ನ ಹಾಳೆ ಎಂದಳು. ಸರ್ ಯಾಕೆಂದು ಕೇಳಿದರು. "ಹುಡುಗರಿಗೆ ಕಟ್ಟಿ ಐತ್ರಿ ಸರ್, ಚಹಾದ ಅಂಗಡಿ ಐತಿ, ಸ್ಟ್ಯಾಂಡ್ ಐತಿ. ನಾವು ಕಾಲೇಜ ಬಿಟ್ಟರ ಮನಿ. ಫೋನ್ ಇರಲಿಲ್ಲಂದ್ರ ನಾ ಎಲ್ಲಿರತಿದ್ದೆ ಅಂತ ಏನ ಬರೀಲಿ? ನನಗ ಇದ ಕಟ್ಟಿ," ಎಂದಳು. ಆ ದಿನ ಸರ್ ಪಾಠ ಮಾಡಲಿಲ್ಲ. ಹುಡುಗಿಯರನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು.

ಇನ್ನೊಬ್ಬ ಪಾಲಬಾವಿಯ ಹುಡುಗ, ಕುರಿ ಕಾಯುವ ಮನೆತನದವನು. ತಂದೆ ತಾಯಿ ಕುರಿ ಹೊಡೆದುಕೊಂಡು ಹೊಳೆದಂಡೆ ಗುಂಟ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅವರಿರುವ ಕಡೆ ಯಾವಾಗ ರೇಂಜ್ ಸಿಗುತ್ತದೋ ಹೇಳಲಾಗದು. ಫೋನ್ ಬರಬಹುದೆಂದು ಇವನು ಮೊಬೈಲನ್ನು ಕೈಯಲ್ಲೇ ಹಿಡಿದಿರುತ್ತಿದ್ದ. "ಕೈಯಾಗ ಇದ್ದ ಮ್ಯಾಲ ಬೆರಳ ಸುಮ್ಮನ ಇರತಾವೇನ್ರಿ?" ಎಂದ. ಸರ್ ಜೇಬಿನ ಸಣ್ಣ ವಹಿಯಲ್ಲಿ ಬರೆದುಕೊಂಡು, "ಇದು ಬ್ಯಾರೇ ಯಾಕ," ಎಂದರು. ಹೊಸ ಕಾರಣ ಸಿಕ್ಕಾಗಲೆಲ್ಲ ಅವರು ಅದೇ ಮಾತು ಹೇಳುತ್ತಿದ್ದರು, ಹೊಸ ಜಾತಿಯ ಹಕ್ಕಿ ಕಂಡವರಂತೆ.

ಒಂದು ದಿನ ಬಂದು ಹೇಳಿದರು: "ಇದೇನ ಛಲೋ ಆಗಾಕತ್ತಿಲ್ಲಪಾ. ಈಸ ಬರಲಾರದಾಂವ ದಂಡಿ ಮ್ಯಾಲ ನಿಂತು ಮುಳಗಾವರ ಬಗ್ಗೆ ಬರದಂಗ ಆಗೇತಿ." ಅಲ್ಲಿಯವರೆಗೆ ಅವರ ಹತ್ತಿರ ಬಟನ್ ಫೋನ್ ಇತ್ತು. ನಿಪ್ಪಾಣಿಗೆ ಹೋಗಿ ದೊಡ್ಡ ಮೊಬೈಲ್ ತಂದರು. ಅದನ್ನು ಬಳಸಲು ಕಲಿಸಿದವನು ನಾನೇ. ಮೊದಲು ಹುಡುಗರು ಬರೆದದ್ದನ್ನೆಲ್ಲ ಪಟ್ಟಿ ಮಾಡಿಕೊಂಡು ಒಂದೊಂದಾಗಿ ನೋಡಿದರು: ಕುಣಿತ, ಕ್ರಿಕೆಟ್, ದೆವ್ವದ ಕತೆ, ಮದುವೆ ಮೇಕಪ್. "ನಾ ಕೇಳಲಾರದ ಇದ್ಯಾಕ ಬಂತೋ? ಯಾರ ಕಳಿಸಿದರು?" ಎಂದು ನನ್ನ ಪ್ರಾಣ ತಿನ್ನುತ್ತಿದ್ದರು. ನೀವು ಏನು ನೋಡುತ್ತೀರೋ ಅಂಥದ್ದನ್ನೇ ಅದು ಮತ್ತೆ ತರುತ್ತದೆ ಎಂದೆ. "ಹೌದೇನು? ಒಂದು ನೋಡಿದರ ಹತ್ತ ತರತೈತಿ?" ಎಂದು ಬೆರಗಾಗಿ ಬರೆದುಕೊಂಡರು.

ಆಮೇಲೆ ಏನೋ ಬದಲಾಯಿತು. ಉತ್ತರ ಓದು ಎಂದು ನನ್ನನ್ನು ಕರೆಯುವುದು ನಿಂತಿತು. ಹಾಳೆಯ ಕಟ್ಟಿನ ಮೇಲೆ ಧೂಳು ಕೂತಿತು. ಎಂದೂ ತಡವಾಗಿ ಬಾರದ ಸರ್ ಪಾಠಕ್ಕೆ ತಡವಾಗಿ ಬಂದರು, ಕಣ್ಣು ಕೆಂಪಾಗಿದ್ದವು. ಮಾಸ್ತರರ ಕೋಣೆಯ ಮೂಲೆಯಲ್ಲಿ ಕಿವಿಗೆ ವಾಯರ್ ಸಿಕ್ಕಿಸಿಕೊಂಡು ಕೂಡತೊಡಗಿದರು. ಹುಡುಗರು, "ಸರಗೂ ಹತ್ತೇತಲೇ," ಎಂದು ಆಡಿಕೊಂಡರು. ನನಗೆ ನಗು ಬರಲಿಲ್ಲ.

ಸರ್ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಚಳಿಗಾಲದಲ್ಲಿ ಊರು ಮುಟ್ಟುವುದರೊಳಗೆ ಕತ್ತಲಾಗುತ್ತದೆಂದು ಮನೆಯಿಂದ ಸಂಜೆಯ ಡಬ್ಬಿಯನ್ನೂ ತರುತ್ತಿದ್ದರು, ಚಿಕ್ಕೋಡಿ ಸ್ಟ್ಯಾಂಡಿನಲ್ಲೇ ಬಿಸಿಲಿರುವಾಗ ಉಂಡು ಬಸ್ಸು ಹತ್ತುತ್ತಿದ್ದರು. ಎಷ್ಟೋ ವರ್ಷಗಳಿಂದ ನಡೆದು ಬಂದ ನೇಮ. ಒಂದು ಸಂಜೆ ನಾನು ಸ್ಟ್ಯಾಂಡಿಗೆ ಹೋದಾಗ ಅವರು ಕಲ್ಲುಬೆಂಚಿನ ಮೇಲೆ ಮೊಬೈಲ್ ನೋಡುತ್ತ ಕೂತಿದ್ದರು. ತೊಡೆಯ ಮೇಲೆ ಮುಚ್ಚಿದ ಡಬ್ಬಿ. ಸೂರ್ಯ ಮುಳುಗಿದ್ದ. ಬೇಡಕಿಹಾಳದ ಬಸ್ಸು ಅವರ ಕಣ್ಣೆದುರೇ ಹೋಗಿದೆ ಎಂದು ಪಕ್ಕದ ಕಡಲೆಕಾಯಿಯವಳು ನನಗೆ ಹೇಳಿದಳು.

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. "ಏನ ನೋಡಾಕತ್ತೀರಿ ಸರ್? ನನಗೂ ತೋರಸ್ರಿ," ಎಂದೆ. ನಾವು ಹುಡುಗರು ಮಾಡುತ್ತಿದ್ದ ಹಾಗೆಯೇ ಅವರು ಥಟ್ಟನೆ ಮೊಬೈಲನ್ನು ಎದೆಗೆ ಆನಿಸಿಕೊಂಡರು. ಆಕಾಶ ನೋಡಿದರು, ಡಬ್ಬಿ ನೋಡಿದರು. ಆಮೇಲೆ ತೋರಿಸಿದರು.

ಕರಿ ಕೋಟಿನ ಒಬ್ಬ ವಕೀಲ ಮಾತಾಡುತ್ತಿದ್ದ. ಹೊಲಕ್ಕೆ ಹೋಗುವ ದಾರಿಯನ್ನು ಅಣ್ಣನೋ ತಮ್ಮನೋ ಬಂದ್ ಮಾಡಿದರೆ ಏನು ಮಾಡಬೇಕು ಎಂಬುದು ವಿಷಯ. ಅದರ ಕೆಳಗೆ ಇನ್ನೊಬ್ಬ ವಕೀಲ, ಅದೇ ವಿಷಯ. ಅದರ ಕೆಳಗೆ ಮತ್ತೊಬ್ಬ. ಬೆರಳು ಆಡಿಸಿದಷ್ಟೂ ವಕೀಲರೇ.

ನನಗೆ ಆ ಪ್ರಶ್ನೆ ಬಾಯಿಪಾಠವಾಗಿತ್ತು, ಅಷ್ಟು ಸಲ ಓದಿದ್ದೆ. ಹೆದರಿಕೊಂಡೇ ಕೇಳಿದೆ: "ಸರ್, ಈಗ ಕೈಯಾಗ ಫೋನ್ ಇರಲಿಲ್ಲಂದ್ರ ನೀವು ಎಲ್ಲಿರತಿದ್ರಿ? ಯಾರ ಜೋಡಿ?"

ಮೊಬೈಲ್ ಆರಿಸಿ ಡಬ್ಬಿಯ ಮೇಲೆ ಇಟ್ಟರು. "ದಾದಾನ ಜೋಡಿ," ಎಂದರು. ದಾದಾ ಎಂದರೆ ಅವರ ಅಣ್ಣ. "ಮನಿ ಮುಂದಿನ ಕಟ್ಟಿ ಮ್ಯಾಲ."

ಆಗ ತಿಳಿಯಿತು. ಅಣ್ಣ ತಮ್ಮ ಒಂದೇ ಮನೆಯ ಎರಡು ಭಾಗದಲ್ಲಿ ಇದ್ದರು. ಇಬ್ಬರೂ ಹೊತ್ತು ಮುಳುಗುವ ಮುಂಚೆ ಉಂಡು, ಕಟ್ಟೆಯ ಮೇಲೆ ಕೂತು ಮಲಗುವ ಹೊತ್ತಿನವರೆಗೆ ಮಾತಾಡುವುದು ಸಣ್ಣಂದಿನ ರೂಢಿ. ಹಿಂದಿನ ವರ್ಷ ಕಬ್ಬಿನ ಗಾಡಿ ಹೋಗುವ ದಾರಿಯ ಸಲುವಾಗಿ ಮಾತಿಗೆ ಮಾತು ಬೆಳೆದು, ಕೇಸು ಚಿಕ್ಕೋಡಿ ಕೋರ್ಟಿಗೆ ಬಂದಿತ್ತು. ಅಂದಿನಿಂದ ಮಾತಿಲ್ಲ. "ಕೇಸಿಗೆ ಅನುಕೂಲ ಆಗತೈತಿ ಅಂತ ಒಂದು ವಿಡಿಯೋ ನೋಡಿದ್ಯಾ. ಇವರೆಲ್ಲಾರೂ ನಂದ ಖರೇ ಅಂತಾರ. ಕೇಳಾಕ ಛಲೋ ಅನಸತೈತಿ. ಮುಗದಕೂಡ್ಲೆ ಮತ್ತ ಸಂಶೇ ಬರತೈತಿ. ಮತ್ತೊಬ್ಬಾವನ ಬಾಯಿಲೇ ಕೇಳಬೇಕ ಅನಸತೈತಿ," ಎಂದರು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಅಂದು ಅವರು ಉಪವಾಸ.

ಮರುದಿನ ಕಟ್ಟಿನ ಧೂಳು ಝಾಡಿಸಿ ನನ್ನ ಮುಂದೆ ಇಟ್ಟರು. ಮೇಲಿನ ಹಾಳೆಯನ್ನು ಅವರೇ ತುಂಬಿದ್ದರು. ಹೆಸರಿರಲಿಲ್ಲ, ನಿಯಮದ ಪ್ರಕಾರ. ಎಷ್ಟು ತಾಸು ಎಂಬಲ್ಲಿ ಸುಳ್ಳು ಬರೆದಿರಲಿಲ್ಲ. "ಓದು," ಎಂದರು. ನಾನು ಒಂದೂ ತಪ್ಪಿಲ್ಲದೆ ಓದಿದೆ.

ಆ ಭಾನುವಾರ ವರದಿ ಬರೆಯುವುದಿದೆ ಎಂದು ನನ್ನನ್ನು ಬೇಡಕಿಹಾಳಕ್ಕೆ ಕರೆದರು. ವರದಿ ನೆಪ, ಅಣ್ಣನ ಮುಂದೆ ಒಬ್ಬರೇ ಹೋಗಲು ಧೈರ್ಯ ಇರಲಿಲ್ಲ. ಸಂಜೆ ಉಂಡ ಮೇಲೆ ಇಬ್ಬರೂ ಹೊರಗೆ ಬಂದೆವು. ಕಟ್ಟೆಯ ಮೇಲೆ ಅಣ್ಣ ಕೂತಿದ್ದರು, ಎತ್ತರದ ಆಳು, ಹೆಗಲ ಮೇಲಿನ ವಲ್ಲಿಯನ್ನು ಪಕ್ಕದಲ್ಲಿ ಹಾಸಿಕೊಂಡು. ತಮ್ಮನನ್ನು ನೋಡಿಯೂ ನೋಡದಂತೆ ನನ್ನನ್ನು ಕೇಳಿದರು: "ಯಾವೂರಪಾ ತಮ್ಮಾ?" ಹೇಳಿದೆ. ಸರ್ ನಿಂತೇ ಇದ್ದರು.

"ದಾದಾ, ಒಂದು ಪ್ರಶ್ನಿ ಕೇಳೂದೈತಿ," ಎಂದರು ಕೊನೆಗೆ.

ಅಣ್ಣ ನನ್ನ ಕಡೆ ನೋಡುತ್ತಲೇ, "ಕೇಳಾಕತ್ತಾಂವ ಯಾರು? ಕೋರ್ಟಿನಾಂವೋ, ಕಾಲೇಜಿನಾಂವೋ?" ಎಂದರು.

"ಕಾಲೇಜಿನಾಂವ."

"ಹಂಗಾದರ ಕೇಳು."

"ನಾ ಇಲ್ಲಿ ಕುಂದರೂದ ಬಿಟ್ಟ ಮ್ಯಾಲ ಸಂಜೀಕ ನೀ ಏನ ಮಾಡತೀ?"

"ಟಿವಿ ಹಚ್ಚತೇನಿ," ಎಂದರು ಅಣ್ಣ. "ಆವಾಜ ದೊಡ್ಡದ ಇಡತೇನಿ. ನಿನ್ನ ಮೊಬೈಲಿನ ವಕೀಲರ ಮಾತು ಗ್ವಾಡಿ ದಾಟಿ ಕೇಳಸ್ತಾವು."

ಸರ್ ತಲೆ ತಗ್ಗಿಸಿದರು. ಅಣ್ಣ ಪಕ್ಕದಲ್ಲಿದ್ದ ವಲ್ಲಿಯನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡರು. ಸರ್ ಆ ಜಾಗದಲ್ಲಿ ಕೂತರು. ದಾರಿಯ ಮಾತು ಇಬ್ಬರೂ ಎತ್ತಲಿಲ್ಲ. ಈ ಸಲ ಕಬ್ಬು ಕಡಿಯುವ ಮಂದಿ ಇನ್ನೂ ಯಾಕೆ ಬಂದಿಲ್ಲ ಎಂದು ಅಣ್ಣ ನನ್ನನ್ನು ಕೇಳಿದರು, ಉತ್ತರ ಸರ್ ಕೊಟ್ಟರು.

ವರದಿ ಮುಗಿಯಿತು. ಪ್ರಾಚಾರ್ಯರು ಮೊದಲ ಪುಟ ಓದಿದರಂತೆ. ಗೇಟಿನಲ್ಲಿ ಬುಟ್ಟಿಯೂ ಬಂತು. ಹುಡುಗರು ಮನೆಯಲ್ಲಿ ಕೆಟ್ಟು ಬಿದ್ದಿದ್ದ ಹಳೆಯ ಫೋನುಗಳನ್ನು ತಂದು ಅದರಲ್ಲಿ ಹಾಕಿದರು, ನಡೆಯುವ ಫೋನು ಜೇಬಿನಲ್ಲೇ ಉಳಿಯಿತು. ಎರಡು ವಾರದಲ್ಲಿ ಬುಟ್ಟಿ ಹೋಯಿತು. ಸರ್ ಹಟ ಹಿಡಿದು ಎರಡು ಕೆಲಸ ಮಾಡಿಸಿದರು. ಕಾಲೇಜು ಬಿಟ್ಟ ಮೇಲೆ ಒಂದು ತಾಸು ಒಂದು ಕೋಣೆಯನ್ನು ಹುಡುಗಿಯರಿಗೆ ಬಿಡಿಸಿದರು. ಅಲ್ಲಿ ಪಾಠ ಇಲ್ಲ, ಬರೀ ಹರಟೆ. ಹುಡುಗಿಯರು ಅದನ್ನು ಕಟ್ಟಿ ಎಂದೇ ಕರೆದರು. ಇನ್ನೊಂದು, ಮರಾಠಿ ಶಾಲೆಯಿಂದ ಬಂದವರಿಗೆ ದಿನವೂ ಕನ್ನಡ ಓದಿಸುವುದು. ಏಳು ಜನ ಬಂದೆವು, ಕೊನೆಗೆ ನಾಲ್ವರು ಉಳಿದೆವು.

ಎಲ್ಲರೂ ದಡ ಹತ್ತಿದರು ಎಂದು ಹೇಳಲಾರೆ. ಪಾಲಬಾವಿಯ ಹುಡುಗ ಮೂರನೇ ವರ್ಷಕ್ಕೆ ಬರಲೇ ಇಲ್ಲ. ಕುರಿಯ ಹಿಂದೆ ಹೋದ ಎಂದರು. ಸರ್ ವಹಿಯಲ್ಲಿ ಅವನ ಪುಟ ತೆರೆದು, "ನನಗೆ ಪೂರ್ತಿ ತಿಳಿಯಲಿಲ್ಲ," ಎಂದು ಬರೆದರು. ನಾನೂ ಎಂ.ಎ. ಓದುವಾಗ ಮತ್ತೆ ಜಾರಿದೆ. ದೊಡ್ಡ ಊರು, ಗುರುತಿಲ್ಲದ ಮುಖಗಳು, ಎರಡು ತಿಂಗಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ನಾಚಿಕೆ ಬಿಟ್ಟು ಫೋನ್ ಮಾಡಿ ಹೇಳಿದೆ. "ಮತ್ತ ಬಿದ್ದೇನು?" ಎಂದು ಅವರು ಕೇಳಲಿಲ್ಲ. "ಈ ಸಲ ಯಾಕ?" ಎಂದು ಕೇಳಿದರು, ಆ ಹಳೆಯ ಆಸೆಯ ದನಿಯಲ್ಲಿ, ಉತ್ತರ ತಮಗೂ ಬೇಕು ಎಂಬಂತೆ. ಕಾರಣ ಹೇಳಲು ಹೋಗಿ, ಅದನ್ನು ಮೊದಲು ನಾನೇ ಹುಡುಕಬೇಕಾಯಿತು.

ಫೋನು ಬಂದ ಆ ದಿನ ನಾನು ಬೇಡಕಿಹಾಳ ಮುಟ್ಟಿದಾಗ ಎಲ್ಲ ಮುಗಿದಿತ್ತು. ಒಳಗೆ ಸರ್ ಅವರ ಹೆಂಡತಿಯನ್ನು ಮಾತಾಡಿಸಿ ಬಂದೆ. ಬಂದವರು ಹೋದ ಮೇಲೆ ಅಣ್ಣ ನನ್ನನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿಕೊಂಡರು. ನಾನೇ ಕೇಳಿದೆ: "ಹೊಲದ ದಾರೀದು ಬಗಿಹರೀತ್ರಿ ಕಾಕಾ?"

"ಎಲ್ಲಿಂದ ಬಗಿಹರೀತೈತಿ? ಅವನೂ ಮೊಂಡ, ನಾನೂ ಮೊಂಡ," ಎಂದರು. "ಕೇಸ ಇನ್ನೂ ನಡದೈತಿ. ತಾರೀಖ ಇದ್ದ ದಿನ ಇಬ್ಬರೂ ಕೂಡೇ ಒಂದ ಬಸ್ಸಿಗೆ ಹೋಗತಿದ್ವಿ. ಒಂದ ಸೀಟಿನ ಮ್ಯಾಲ. ಕೋರ್ಟಿನಾಗ ಅಂವ ಆ ಕಡೆ, ನಾ ಈ ಕಡೆ. ಮುಗದ ಮ್ಯಾಲ ಚಹಾ ಕುಡದು ಮತ್ತ ಕೂಡೇ ಬರತಿದ್ವಿ. ವಕೀಲರು ಇಬ್ಬರೂ ಬೈತಿದ್ರು."

ಅಂಗಿಯ ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ನನಗೆ ಕೊಟ್ಟರು. ಅದರಲ್ಲಿ ಕೋರ್ಟಿನ ಮುಂದಿನ ತಾರೀಖು ಇತ್ತು, ಬರುವ ಸೋಮವಾರ. ನಾನು ಓದಿ ಹೇಳಿದೆ. ಅವರಿಗೆ ಅದು ಗೊತ್ತೇ ಇತ್ತು.

"ಹೋಗಬೇಕಲ್ಲ," ಎಂದರು ಅಣ್ಣ. "ಹೋಗಿ ಯಾರ ಮ್ಯಾಲ ಜಗಳಾ ಮಾಡ್ಲಿ?"